ಬೇರೆ ಪುಸ್ತಕದ ಕೊನೆ

ತಾಜಬೀಯ ಫೋನು ಬಂದಾಗ ನಾನು ಕೊಪ್ಪಳದ ಮಗ್ಗುಲ ಭಾಗ್ಯನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದೆ. ಮಗ್ಗುಲ ಮಾಳಿಗೆಯಲ್ಲಿ ಕೂದಲಿನ ಕೆಲಸದವರು ಚವರಿಗೆಂದು ತೊಳೆದ ಕೂದಲನ್ನು ಹಗ್ಗಕ್ಕೆ ಇಳಿಬಿಟ್ಟಿದ್ದರು. ಗಾಳಿ ಬಂದರೆ ಕೂದಲು ನಮ್ಮ ಶಾವಿಗೆಯ ಮೇಲೆ ಹಾರೀತೆಂದು ಅವರಲ್ಲೊಬ್ಬಳು ತನ್ನ ಸೀರೆಯನ್ನೇ ನಡುವೆ ಪರದೆ ಕಟ್ಟಿ ಹೋಗಿದ್ದಳು.

“ಅಕ್ಕಾರ, ನಾ ಕುಷ್ಟಗಿಯಿಂದ ತಾಜಬೀ ಮಾತಾಡಾಕತ್ತೀನ್ರಿ. ಮುನವ್ವರ ಮಾಸ್ತರ ಮನಿಯಾಕಿ. ನಿಮ್ಮ ನಂಬರ ನನ್ನ ಮಗ ಮಾಜೀದ ಹುಡುಕಿ ಕೊಟ್ಟ. ತಪ್ಪ ತಿಳೀಬ್ಯಾಡ್ರಿ.”

ಮುನವ್ವರ ಎಂಬ ಹೆಸರನ್ನು ಇನ್ನೊಬ್ಬರ ಬಾಯಿಂದ ಕೇಳಿ ನಲವತ್ತು ವರ್ಷವಾದರೂ ಆಗಿತ್ತು. ಮಾಳಿಗೆಯ ಕಟ್ಟೆಯ ಮೇಲೆ ಕೂತೆ.

“ಹೇಳು ತಂಗಿ” ಎಂದೆ.

“ಹೋದ ವರ್ಷದಿಂದ ಅವರಿಗೆ ಕಣ್ಣ ಪೂರಾ ಹೋಗ್ಯಾವ್ರಿ. ಅವತ್ತಿಂದ ಯಾರ ಕೂಡಾನೂ ಮಾತಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ. ಉಂಡ್ರ ಉಂಡ್ರು, ಇಲ್ಲಂದ್ರ ಇಲ್ಲ. ಮೊನ್ನೆ ತಾವಾಗಿ ಒಂದ ಮಾತ ಅಂದ್ರು. ಆ ಹಡಗಿನ ಪುಸ್ತಕ ಒಮ್ಮೆ ಕೊನೀತನ ಕೇಳಬೇಕು, ಸುರೇಖಾ ಅವರಿಗೆ ಗೊತ್ತೈತಿ, ಅಂತ. ಹಡಗ ಬರೂದನ್ನ ಒಮ್ಮೆ ಕೇಳಿದ್ರ ಸಾಕಂತ. ನೀವು ಬಂದು ಓದಿ ಹೇಳ್ತೀರೇನ್ರಿ?”

ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೂ ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ.

ಗಂಗಾವತಿಯಲ್ಲಿ ನಾನು ಅತ್ತೆಯ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದೆ. ಮುನವ್ವರ ನವಲಿಯಿಂದ ಬಸ್ಸಿನಲ್ಲಿ ಬಂದು ಹೋಗಿ ಮಾಡುತ್ತಿದ್ದರು, ಬಿ.ಎಸ್ಸಿ. ಅಕ್ಕಿ ಗಿರಣಿಯ ಮಾಲೀಕರೊಬ್ಬರು ತಮ್ಮ ತಂದೆಯ ನೆನಪಿಗೆ ಗಿರಣಿಯ ಪಕ್ಕದಲ್ಲೇ ಒಂದು ವಾಚನಾಲಯ ತೆರೆದಿದ್ದರು. ಹೈದರಾಬಾದಿನಿಂದ ತೂಕದ ಮೇಲೆ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ತರಿಸಿದ್ದರು. ಒಂದು ಪೆಟ್ಟಿಗೆಯ ತುಂಬ ವಿಜ್ಞಾನ ಕಾದಂಬರಿಗಳೇ. ಪ್ರತಿಯೊಂದರ ಹೊದಿಕೆಯ ಮೇಲೂ ಇಂಥ ವರ್ಷ ಬಹುಮಾನ ಪಡೆದದ್ದು ಎಂದು ಅಚ್ಚಾಗಿತ್ತು. ನಾವು ಅವನ್ನು ಇನಾಮಿನ ಪುಸ್ತಕ ಎನ್ನುತ್ತಿದ್ದೆವು.

ವಾಚನಾಲಯ ನೋಡಿಕೊಳ್ಳುತ್ತಿದ್ದವನು ಕಳಕಪ್ಪ. ಮೊದಲು ಗಿರಣಿಯಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುತ್ತಿದ್ದ. ಮೊಣಕಾಲು ಸೋತ ಮೇಲೆ ಮಾಲೀಕರು ಅವನನ್ನು ಅಲ್ಲಿ ಕೂಡಿಸಿದ್ದರು. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಆದರೆ ಹರಿದ ಪುಸ್ತಕ ಕಂಡರೆ ಸುಮ್ಮನಿರುತ್ತಿರಲಿಲ್ಲ. ಚೀಲ ಹೊಲಿಯುವ ದಬ್ಬಳ ಮತ್ತು ಸುತಳಿ ದಾರದಿಂದ ಪುಸ್ತಕಗಳನ್ನೂ ಹೊಲಿದುಬಿಡುತ್ತಿದ್ದ. ಅವನು ಹೊಲಿದ ಪುಸ್ತಕ ಚೀಲದ ಹಾಗೇ ಗಟ್ಟಿ. ಅದು ತಾನಾಗಿ ಬಿಚ್ಚಿಕೊಂಡು ನಿಲ್ಲುತ್ತಿರಲಿಲ್ಲ, ಎರಡೂ ಕಡೆ ಅದುಮಿ ಹಿಡಿಯಬೇಕು. ಮನೆಗೆ ಒಯ್ಯಲು ಬಿಡುತ್ತಿರಲಿಲ್ಲ. ಒಂದೇ ಪುಸ್ತಕ ಇಬ್ಬರಿಗೂ ಬೇಕಾಗಿತ್ತು. ಹೀಗಾಗಿ ಎಡಪುಟವನ್ನು ಅವರು ಹಿಡಿದರು, ಬಲಪುಟವನ್ನು ನಾನು ಹಿಡಿದೆ. ಓದು ಶುರುವಾಯಿತು.

ವಾಕ್ಯ ತೊಡಕಾದರೆ ನಾನು ಬಿಡಿಸುತ್ತಿದ್ದೆ. ನಕ್ಷತ್ರ, ವೇಗ, ದೂರದ ಮಾತು ಬಂದರೆ ಅವರು ಬಿಡಿಸುತ್ತಿದ್ದರು. ಅವರ ಓದು ಬೇಗ. ಪುಟ ಮುಗಿದರೂ ಮುಗಿಸಿದವರ ಹಾಗೆ ತೋರಿಸಿಕೊಳ್ಳುತ್ತಿರಲಿಲ್ಲ. ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದುವವರಂತೆ ಕಣ್ಣು ಅಲ್ಲೇ ಇಟ್ಟುಕೊಂಡು ಕೂಡುತ್ತಿದ್ದರು, ನನಗೆ ಅವಸರ ಆಗದಿರಲೆಂದು. ಕಳಕಪ್ಪ ನಮ್ಮ ಬೆಂಚನ್ನು ಬಾಗಿಲ ಎದುರಿಗೇ ಎಳೆದಿಟ್ಟಿದ್ದ. ಹೊಟ್ಟಿನ ಧೂಳೆಲ್ಲ ಅಲ್ಲಿಗೇ ಬರುತ್ತಿತ್ತು. ಒಳಗೆ ಹಾಕೆಂದರೆ ಕೇಳುತ್ತಿರಲಿಲ್ಲ. ಯಾಕೆಂದು ನನಗೆ ಅರ್ಥವಾದದ್ದು ಬಹಳ ವರ್ಷದ ಮೇಲೆ. ರಸ್ತೆಯಲ್ಲಿ ಹೋಗುವವರೆಲ್ಲರಿಗೂ ನಾವು ಕಾಣುತ್ತಿದ್ದೆವು, ಪುಸ್ತಕವೂ ಕಾಣುತ್ತಿತ್ತು. ಅದರಿಂದಲೇ ಯಾರೂ ನಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ.

ಐವತ್ತರ ದಶಕದ ಪುಸ್ತಕಗಳಲ್ಲಿ ಎಲ್ಲರೂ ಹೊರಟು ನಿಂತವರೇ. ರಾಕೆಟ್ಟು ಏರುತ್ತಿದ್ದರು, ಗೆಲ್ಲುತ್ತಿದ್ದರು. ಅರವತ್ತರದ್ದರಲ್ಲಿ ಹೋದ ಜಾಗದಲ್ಲಿ ದೇವರು, ರಾಜ್ಯ, ಜಗಳ ಎಲ್ಲ ಹುಟ್ಟಿಕೊಳ್ಳುತ್ತಿದ್ದವು. ಎಪ್ಪತ್ತರದ್ದಕ್ಕೆ ಬಂದರೆ ಬಿಟ್ಟು ಬಂದವರ ನೆನಪೇ ಕಥೆಯಾಗುತ್ತಿತ್ತು. ಹಡಗಿನ ಪುಸ್ತಕ ಆ ಕಾಲದ್ದು. ಬರೀ ಸಮುದ್ರ ಮತ್ತು ಕಲ್ಲು ಇರುವ ಒಂದು ಗ್ರಹ. ತಲೆಮಾರುಗಳ ಹಿಂದೆ ಅಲ್ಲಿಂದ ಒಂದು ಆಕಾಶದ ಹಡಗು ಹೋಗಿದೆ, ತಿರುಗಿ ಬರುತ್ತೇವೆಂದು ಮಾತು ಕೊಟ್ಟು ಹೋಗಿದೆ. ಅದಕ್ಕೆ ದಾರಿ ತೋರಿಸಲು ಒಬ್ಬ ಹೆಂಗಸು ದಂಡೆಯ ಗುಡ್ಡದ ಮೇಲೆ ದೀಪ ಕಾಯುತ್ತಾಳೆ. ಊರಿನವರು ಒಬ್ಬೊಬ್ಬರಾಗಿ ಒಳನಾಡಿಗೆ ಬೇಸಾಯಕ್ಕೆ ಹೊರಟುಹೋಗುತ್ತಾರೆ. ಅವಳು ಮಾತ್ರ ಉಳಿಯುತ್ತಾಳೆ.

ಅಲ್ಲಿಂದ ಪುಟ ತಿರುವಿದರೆ ಹಡಗು ಬಂದುಬಿಟ್ಟಿತ್ತು. ಒಬ್ಬ ಮುದುಕಿ ನಿಂತಿದ್ದಾಳೆ. ಬಂದವರಲ್ಲಿ ಯಾರಿಗೂ ಅವಳ ಗುರುತಿಲ್ಲ. ಹಿಂದೆ ಹೊರಟಿದ್ದ ಅಜ್ಜಂದಿರು ದಾರಿಯಲ್ಲೇ ಸತ್ತಿದ್ದಾರೆ. ಒಬ್ಬ ತರುಣ ಏಣಿ ಇಳಿದು ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು, ಅವಳ ಭಾಷೆಯನ್ನೇ ಹಳೆಯ ರೀತಿಯಲ್ಲಿ ಆಡುತ್ತ, ಕುಡಿಯಲು ನೀರಿದೆಯೇ ಎಂದು ಕೇಳುತ್ತಾನೆ. ಅವಳು ಕೊಡುತ್ತಾಳೆ. ಅವನು ಕುಡಿಯುವುದನ್ನು ನೋಡುತ್ತ ನಿಲ್ಲುತ್ತಾಳೆ. ಅಷ್ಟೇ, ಮುಗಿಯಿತು.

“ದೀಪ ಎಲ್ಲಿ ಹೋತ್ರಿ?” ಎಂದು ನಾನು ಆಗ ಕೇಳಿದ್ದೆ.

“ಹಡಗ ಬಂದ ಮ್ಯಾಲೆ ದೀಪ ಯಾಕ ಬೇಕು?”

“ಆಕಿ ಹೆಸರೂ ಇಲ್ಲಲ್ಲ ಇಲ್ಲಿ.”

“ಮುಪ್ಪಾದ ಮ್ಯಾಲೆ ಹೆಸರ ಹಿಡದ ಕರಿಯಾವ್ರ ಯಾರ ಉಳಿದಿರ್ತಾರ್ರಿ? ಬಾಯಿ ಬಿಟ್ಟ ಹೇಳಿಲ್ಲ, ತೋರಿಸ್ಯಾರ. ಅದಕ್ಕ ಇನಾಮ ಬಂದೈತಿ.”

ಪುಟದ ಅಂಕಿಗಳೂ ಅಲ್ಲಿ ಜಿಗಿದಿದ್ದವು. ಕಾಗದದ ಬಣ್ಣವೂ ತುಸು ಬೇರೆ. ಅದನ್ನೂ ಬೇಕೆಂದೇ ಮಾಡಿದ್ದಾರೆ, ಕಾಲ ಸರಿದದ್ದನ್ನು ಹೀಗೆ ಕಾಣಿಸಿದ್ದಾರೆ ಎಂದು ನಾವು ಇಬ್ಬರೂ ಒಪ್ಪಿಕೊಂಡೆವು. ನಮಗೆ ತಿಳಿಯದ್ದೆಲ್ಲ ಇನಾಮಿಗೆ ಕಾರಣವೇ ಆಗಿರಬೇಕು ಎಂಬ ನಂಬಿಕೆ ನಮ್ಮದು.

ಅದು ಕೊನೆಯ ಪರೀಕ್ಷೆಯ ವರ್ಷ. ನವಲಿಯ ಬಸ್ಸು ಹತ್ತುವಾಗ ಮುನವ್ವರ ಹಿಂದಕ್ಕೆ ತಿರುಗಿ, “ಹಡಗ ಬರ್ತೈತ್ರಿ” ಎಂದರು. ಅದಕ್ಕಿಂತ ಹೆಚ್ಚಿನ ಮಾತು ನಮ್ಮ ನಡುವೆ ಎಂದೂ ಬರಲಿಲ್ಲ. ಅವರಿಗೆ ಕುಷ್ಟಗಿಯ ಕಡೆ ಸಾಲೆಯ ನೌಕರಿ ಸಿಕ್ಕಿತು, ಮದುವೆಯಾಯಿತು ಎಂದು ಕೇಳಿದೆ. ನನಗೂ ಕೊಪ್ಪಳದಲ್ಲಿ ಸರಕಾರಿ ಕಚೇರಿಯ ಕೆಲಸ, ಮದುವೆ. ನನ್ನ ಯಜಮಾನರು ಗೌತಮ ಒಳ್ಳೆಯವರು. ರಾತ್ರಿ ಊಟವಾದ ಮೇಲೆ ಒಂದು ಕಥೆ ಹೇಳು ಎಂದು ತಾವೇ ಕೇಳುತ್ತಿದ್ದರು. ಅವರಿಗೂ ಈ ಹಡಗಿನ ಕಥೆ ಹೇಳಿದ್ದೆ. ಮುಗಿದ ಮೇಲೆ ಏನೂ ಕೇಳದೆ ನನಗೊಂದು ಲೋಟ ನೀರು ತಂದುಕೊಟ್ಟಿದ್ದರು. ಅವರು ಹೋದ ಮೇಲೆ ನಾನು ಕಥೆ ಹೇಳುವುದನ್ನು ಬಿಟ್ಟೆ.

ಈಗ ನನ್ನ ಜೊತೆ ಇರುವವಳು ತಮ್ಮನ ಮಗಳು ಸುಕನ್ಯಾ. ಆಸ್ಪತ್ರೆಯಲ್ಲಿ ಕೆಲಸ. ಕಾದಂಬರಿಯ ಹೆಸರು ಹೇಳಿದೆ. ಅವಳು ಫೋನಿನಲ್ಲೇ ಹುಡುಕಿ ತರಿಸಿದಳು. ಹೊಸ ಅಚ್ಚು, ಬಿಳಿ ಕಾಗದ, ಮೆತ್ತಗೆ ಬಿಚ್ಚಿಕೊಳ್ಳುವ ಪುಸ್ತಕ. ಒಯ್ಯುವ ಮೊದಲು ಒಮ್ಮೆ ಓದಿಕೊಳ್ಳೋಣವೆಂದು ಕೂತೆ. ಗುಡ್ಡ, ದೀಪ, ಊರು ಬಿಟ್ಟು ಹೋಗುವ ಜನ, ಎಲ್ಲ ಹಾಗೇ ಇತ್ತು. ಹಡಗು ಬರುವ ಪುಟಕ್ಕೆ ಬಂದೆ. ಹಡಗು ಬರಲಿಲ್ಲ.

ಅವಳು ದೀಪ ಆರಿಸುತ್ತಾಳೆ. ದೀಪದ ಗಾಜನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು ಒಳನಾಡಿಗೆ ನಡೆಯುತ್ತಾಳೆ. ಅಲ್ಲಿ ಜನ ಅವಳಿಗೊಂದು ಮನೆ ಕಟ್ಟಿಕೊಡುತ್ತಾರೆ. ಗಾಜನ್ನು ಆ ಮನೆಯ ಕಿಟಕಿಗೆ ಹಾಕಿಸುತ್ತಾಳೆ. ಕಿಟಕಿ ಹೊಲದ ಕಡೆಗೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಪುಟ ಬಿಟ್ಟುಹೋಗಿರಬೇಕೆಂದು ಸುಕನ್ಯಾಳಿಗೆ ತೋರಿಸಿದೆ. ಅವಳು ಫೋನಿನಲ್ಲಿ ಅಲ್ಲಿ ಇಲ್ಲಿ ನೋಡಿದಳು.

“ಅತ್ತಿ, ಎಲ್ಲಾ ಕಡೆ ಕೊನಿ ಹಿಂಗ ಐತಿ. ಆಕಿ ದೀಪ ಆರಿಸ್ತಾಳ. ಹಡಗ ಬರಂಗಿಲ್ಲ.”

“ನಾನು ಓದೀನವ್ವ. ನನ್ನ ಕೈಯಾಗ ಹಿಡಕೊಂಡ ಓದೀನಿ.”

“ಹಂಗಾರ ನೀವ ಓದಿದ್ದ ಯಾವುದು?”

ಆಗ ಕಳಕಪ್ಪನ ದಬ್ಬಳ ನೆನಪಾಯಿತು. ಕೊನೆಯ ಪುಟಗಳು ಉದುರಿಹೋದ ಒಂದು ಪುಸ್ತಕ. ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ, ಅದೇ ಅಳತೆಯ ಒಂದಷ್ಟು ಬಿಡಿ ಪುಟಗಳು. ಅವನು ಎರಡನ್ನೂ ಸೇರಿಸಿ ಹೊಲಿದಿದ್ದ. ನಾವು ಬೇರೆ ಯಾವುದೋ ಕಾದಂಬರಿಯ ಕೊನೆಯನ್ನು ಇದರ ಕೊನೆಯೆಂದು ಓದಿ, ಅದನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೆವು.

ಸುಕನ್ಯಾ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿ ಚಹಾ ಮಾಡಲು ಎದ್ದುಹೋದಳು.

ಕುಷ್ಟಗಿಯಲ್ಲಿ ಒಬ್ಬ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ, ಹಡಗು ಬರುವುದೊಂದನ್ನು ಕೇಳಬೇಕು ಎನ್ನುತ್ತಿದ್ದಾನೆ. ಅವನ ಬಳಿ ಹೋಗಿ ದೀಪ ಆರಿತು ಎಂದು ಓದುವುದು ಹೇಗೆ? ಕೊನೆ ಬಂದಾಗ ಪುಸ್ತಕ ತೆರೆದಿಟ್ಟುಕೊಂಡು ನೆನಪಿನಿಂದಲೇ ಹೇಳಿಬಿಡುವುದೆಂದು ನಿರ್ಧರಿಸಿದೆ. ಅವರಿಗೇನು ಕಾಣುತ್ತದೆಯೇ?

ಕಾದಂಬರಿ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ವಾರಕ್ಕೊಮ್ಮೆ ಬೆಳಗಿನ ಬಸ್ಸಿಗೆ ಕುಷ್ಟಗಿಗೆ ಹೋಗತೊಡಗಿದೆ. ಮೊದಲ ದಿನ ಮುನವ್ವರ ಮಂಚದಿಂದ ಏಳಲಿಲ್ಲ. ಗಡ್ಡ ಪೂರಾ ಬೆಳ್ಳಗಾಗಿತ್ತು. ಮುಖ ಗೋಡೆಯ ಕಡೆಗೇ ಇತ್ತು. ನಾನು ಇಂಗ್ಲಿಷಿನ ಒಂದು ಸಾಲು ಓದಿ, ಅದನ್ನು ಕನ್ನಡದಲ್ಲಿ ಹೇಳಿದೆ. ತಾಜಬೀಗೂ ತಿಳಿಯಲೆಂದು. ಅವಳು ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ಓದಿಗೆ ಅಡ್ಡ ಬರದಿರಲೆಂದು ಕೇರದೆ ಬರೀ ಕೈಯಿಂದ ಕಲ್ಲು ಹೆಕ್ಕುತ್ತಿದ್ದಳು.

“ದಿನಾ ದೀಪಕ್ಕ ಎಣ್ಣಿ ಎಲ್ಲಿಂದ ತರ್ತಾಳ್ರಿ ಆಕಿ?” ಎಂದು ಕೇಳಿದಳು.

“ಎಣ್ಣಿ ದೀಪ ಅಲ್ಲದು” ಎಂದು ಮಂಚದ ಮೇಲಿಂದ ಮಾತು ಬಂತು. “ಸೂರ್ಯನ ಬೆಳಕ ಕೂಡಿಟ್ಟಿರ್ತಾರ.”

ತಾಜಬೀಯ ಕೈ ಜೋಳದಲ್ಲೇ ನಿಂತಿತು. ನನ್ನ ಕಡೆ ನೋಡಿದಳು, ಮತ್ತೆ ತಲೆ ತಗ್ಗಿಸಿ ಕಲ್ಲು ಹೆಕ್ಕಿದಳು. ಆಮೇಲಿನ ವಾರಗಳಲ್ಲಿ ಅವಳು ಬೇಕೆಂದೇ ಇಂಥ ಪ್ರಶ್ನೆ ಹಾಕುತ್ತಿದ್ದಳು. ಸಮುದ್ರದಾಗ ಮೀನ ಅದಾವೋ ಇಲ್ಲೋ, ಹಡಗಿನಾಗ ಹುಟ್ಟಿದ ಕೂಸಿಗೆ ಯಾವ ಊರು ಅಂತ ಬರೀತಾರ, ಹೀಗೆ. ಅವರು ಸಿಡಿಮಿಡಿ ಮಾಡುತ್ತಲೇ ಉತ್ತರ ಕೊಡುತ್ತಿದ್ದರು. ಮೂರನೆಯ ಸಲವೋ ಏನೋ ಹೋದಾಗ ಎದ್ದು ಗೋಡೆಗೆ ಒರಗಿ ಕೂತಿದ್ದರು. ಅದರ ಮುಂದಿನ ವಾರ ನನಗಿಂತ ಮೊದಲೇ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು.

“ಬಸ್ಸ ತಡ ಆತೇನ್ರಿ?”

“ಇಲ್ಲ ಮಾಸ್ತರ. ಟೈಮಿಗೆ ಬಂತು.”

“ಇವರಿಗೆ ನಸಿಕಿನಾಗ ಬಸ್ಸ ಬರಬೇಕ್ರಿ” ಎಂದಳು ತಾಜಬೀ. “ಆವಾಗಿಂದ ಬಂತಾ ಬಂತಾ ಅಂತ ನನ್ನ ಜೀವಾ ತಿಂದಾರ.”

ಅವಳು ಅದನ್ನು ಹೇಳಿದ ರೀತಿಯಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ಚುರುಮುರಿಗೆ ಒಗ್ಗರಣೆ ಹಾಕಿ ಮೊದಲ ತಟ್ಟೆ ನನಗೇ ಕೊಟ್ಟಳು. ನನಗೆ ಖಾರ ಆಗುವುದಿಲ್ಲವೆಂದು ಯಾವಾಗ ನೋಡಿಕೊಂಡಿದ್ದಳೋ, ನನ್ನ ತಟ್ಟೆಯಲ್ಲಿ ಮೆಣಸಿನಕಾಯಿ ಇರಲಿಲ್ಲ.

ಕೊನೆಯ ಅಧ್ಯಾಯದ ದಿನ ಬಂತು. ಊರು ಖಾಲಿಯಾಯಿತು, ಹೆಂಗಸು ಗುಡ್ಡದ ಮೇಲೆ ಒಬ್ಬಳೇ ಉಳಿದಳು. ಮುನವ್ವರ ಮುಂದಕ್ಕೆ ಬಾಗಿ ಕೂತರು. ನಾನು ಪುಸ್ತಕವನ್ನು ತೊಡೆಯ ಮೇಲೆ ಹಾಗೇ ಬಿಟ್ಟು, ಕಣ್ಣು ಮುಚ್ಚಿ, ಹಡಗು ಬಂದದ್ದನ್ನು ಹೇಳಲು ಶುರು ಮಾಡಿದೆ. ಏಣಿ ಇಳಿದ ತರುಣ, ಬಿಸಿಲಿಗೆ ಅಡ್ಡ ಹಿಡಿದ ಕೈ. ಕಣ್ಣು ತೆರೆದಾಗ ತಾಜಬೀ ನನ್ನನ್ನೇ ನೋಡುತ್ತಿದ್ದಳು. ನಾನು ಓದುತ್ತಿಲ್ಲವೆಂದು ಅವಳಿಗೆ ತಿಳಿದಿತ್ತು. ತಕ್ಷಣ ಜೋಳದ ಕಡೆ ತಿರುಗಿಕೊಂಡಳು.

“ನೀರು ಕುಡಿಯೂದನ್ನ ನೋಡ್ಕೋತ ನಿಂತಳು” ಎಂದು ಮುಗಿಸಿದೆ.

ಮುನವ್ವರ ಮೆಲ್ಲಗೆ ಕೇಳಿದರು. “ಸುರೇಖಾ ಅವರ, ಇಷ್ಟ ಹೊತ್ತಿನಾಗ ನೀವು ಒಂದ ಹಾಳಿನೂ ತಿರುವಲಿಲ್ಲಲ್ರಿ?”

ತೊಡೆಯ ಮೇಲಿನ ಪುಸ್ತಕ ಎತ್ತಿಕೊಂಡೆ.

“ಕಣ್ಣ ಹೋಗ್ಯಾವ್ರಿ. ಕಿವಿ ಅದಾವ.”

ಹೇಳಿದೆ. ಹೊಸ ಪುಸ್ತಕದಲ್ಲಿ ಆ ಕೊನೆ ಇಲ್ಲವೆಂದು, ಎಲ್ಲಿಯೂ ಇಲ್ಲವೆಂದು, ಕಳಕಪ್ಪ ಬೇರೆ ಪುಸ್ತಕದ ಪುಟ ಹೊಲಿದಿದ್ದನೆಂದು.

“ಹಂಗಾರ ಹಡಗ ಬರಂಗಿಲ್ಲ.”

“ಈ ಪುಸ್ತಕದಾಗ ಬರಂಗಿಲ್ರಿ.”

“ಇದರಾಗ ಏನ ಐತಿ, ಅದನ್ನ ಓದ್ರಿ.”

ಓದಿದೆ. ದೀಪ ಆರಿತು. ಗಾಜು ಬೆನ್ನಿಗೇರಿತು. ಹೊಲದ ಕಡೆ ಕಿಟಕಿ ಬಂತು. ಓದು ಮುಗಿದಾಗ ಮುನವ್ವರ ಕೈಯಾಡಿಸಿ ಗೋಡೆ ಹುಡುಕಿ ಎದ್ದರು, ಹೋಗಿ ಮಂಚದ ಮೇಲೆ ಮಲಗಿದರು. ಮುಖ ಗೋಡೆಯ ಕಡೆ ತಿರುಗಿತು.

ತಾಜಬೀ ನನ್ನನ್ನು ಬೈಯಬಹುದಿತ್ತು. ಅವಳು ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ಕೈಯಿಂದ ಪುಸ್ತಕ ತೆಗೆದು ಮಡಿಚಿಟ್ಟಳು. “ಚಾ ಕುಡದ ಹೋಗ್ರಿ ಅಕ್ಕಾರ. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತೈತಿ” ಎಂದಳು. ನಾವಿಬ್ಬರೂ ಒಲೆಯ ಬಳಿ ಕೂತೆವು. ತಾಜಬೀ ಹಾಲು ಕಾಯಲು ಇಟ್ಟಳು. ಇಷ್ಟು ವಾರ ಪಟ್ಟದ್ದೆಲ್ಲ ನೀರಿಗೆ ಹೋಯಿತು ಎಂದುಕೊಂಡೆ. ಇನ್ನು ಈ ಮನೆಗೆ ಬರಲು ನನಗೆ ನೆಪವೂ ಇರಲಿಲ್ಲ.

“ಸುರೇಖಾ ಅವರ.” ಒಳಗಿನಿಂದ ಕರೆದರು.

ಹೋದೆ. ಮುಖ ಇನ್ನೂ ಗೋಡೆಯ ಕಡೆಗೇ ಇತ್ತು.

“ನಾವ ಓದಿದ್ದ ಅಚ್ಚಾದ ಹಾಳಿ. ಹೌದಿಲ್ಲೋ?”

“ಹೌದ್ರಿ.”

“ಕಳಕಪ್ಪ ಬರದದ್ದಲ್ಲ.”

“ಅವಂಗೆಲ್ಲಿ ಇಂಗ್ಲಿಷ್ ಬರತಿತ್ರಿ ಮಾಸ್ತರ?”

“ಹಂಗಾರ ಯಾವುದೋ ಒಂದ ಪುಸ್ತಕದಾಗ ಹಡಗ ಬಂದೈತಿ.” ಅವರು ತಿರುಗಿದರು. “ಮುದುಕಿ ಯಾರಂತ ನಮಗ ಗೊತ್ತಿಲ್ಲ. ಯಾಕ ಕಾದಾಳ, ಯಾರಿಗೆ ಕಾದಾಳ, ಗೊತ್ತಿಲ್ಲ. ನಾವು ಕೊನಿ ಒಂದ ಓದೀವಿ. ಮೊದಲಿಂದ ಓದೇ ಇಲ್ಲ.”

ನಾನು ಹಾಗೆ ಯೋಚಿಸಿರಲೇ ಇಲ್ಲ. ಕೊನೆ ಕಳೆದುಹೋಯಿತು ಎಂದಷ್ಟೇ ದುಃಖಪಟ್ಟಿದ್ದೆ.

“ಅದೂ ಅದ ಪೆಟಿಗ್ಯಾಗಿಂದು. ಅಂದ್ರ ಅದೂ ಇನಾಮಿಂದ ಇರಬೇಕು” ಎಂದರು. ಸಾಲೆಯಲ್ಲಿ ಲೆಕ್ಕ ಬಿಡಿಸುವಾಗಿನ ಉಮೇದು ದನಿಯಲ್ಲಿತ್ತು. “ನಾವ ಓದಿದಾಗ ಅದು ಹಳೇದಾಗಿ, ಹರದ ಹೋಗಿತ್ತು. ಹಂಗಾರ ಎಪ್ಪತ್ತರದೋ, ಅರವತ್ತರದೋ, ಐವತ್ತರದೋ.”

“ಅಂಥಾ ಪುಸ್ತಕ ಎಷ್ಟ ಅದಾವ್ರಿ?” ತಾಜಬೀ ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದಳು.

“ಭಾಳ ಅದಾವ” ಎಂದೆ.

“ಹಂಗಾರ ಮಾಜೀದಗ ಹೇಳಿ ಚಾಪುಡಿ ದೊಡ್ಡ ಪೊಟ್ಟಣ ತರಸ್ತೀನಿ. ನೋಡ್ರಿ, ಎದ್ದ ಕುಂತ್ರು ಸಾಹೇಬ್ರು. ಈಗ ಹಸಿವ್ಯೂ ಆಕ್ಕೈತಿ.”

“ಆಗೈತಿ” ಎಂದರು ಮುನವ್ವರ.

ಮನೆಗೆ ಬಂದು ಸುಕನ್ಯಾಳಿಗೆ ಎಲ್ಲ ಹೇಳಿದೆ. ಅವಳು ಉತ್ಸಾಹದಿಂದ ಫೋನು ತೆಗೆದಳು. “ಅದಕ್ಕ ಯಾಕ ಅಷ್ಟೆಲ್ಲಾ ಪುಸ್ತಕ ಓದಬೇಕತ್ತಿ? ಆ ಕೊನಿ ಹೆಂಗೈತಿ ಅಂತ ಇದಕ್ಕ ಹೇಳ್ರಿ. ಯಾವ ಕಾದಂಬರಿ ಅಂತ ಒಂದ ನಿಮಿಷದಾಗ ಹೇಳ್ತೈತಿ.”

“ಬ್ಯಾಡವ್ವ” ಎಂದೆ.

“ಯಾಕ?”

ಅವಳು ನನ್ನ ಮುಖ ನೋಡಿದಳು. ಫೋನನ್ನು ಬೋರಲಾಗಿ ಇಟ್ಟಳು. “ಐವತ್ತರ ದಶಕದ್ದು ಮೊದಲು ತರಸ್ಲೇನು?” ಎಂದಳು.

ಮುಂದಿನ ವಾರ ಹೊಸ ಪುಸ್ತಕದೊಂದಿಗೆ ಹೋದೆ. ಮುನವ್ವರ ಗಡ್ಡ ಓರಣ ಮಾಡಿಸಿಕೊಂಡಿದ್ದರು. ತಾಜಬೀ ಜೋಳದ ಬದಲು ಹುಣಸೆಹಣ್ಣು ಹರವಿಕೊಂಡು ಕೂತಿದ್ದಳು. ಮೊದಲ ಅಧ್ಯಾಯದಲ್ಲೇ ಒಂದು ರಾಕೆಟ್ಟು ಹಾರಿತು, ಇಬ್ಬರು ಗಂಡಸರು ಜಗಳವಾಡಿದರು, ಒಬ್ಬ ಸೇನಾಧಿಕಾರಿ ಮೇಜು ಗುದ್ದಿದ. ಕಾಯುವವರ ಸುದ್ದಿಯೇ ಇರಲಿಲ್ಲ. ಹೆಂಗಸರಂತೂ ಒಬ್ಬರೂ ಇರಲಿಲ್ಲ.

“ಇದಲ್ಲ ಅನಸ್ತೈತ್ರಿ” ಎಂದೆ.

“ಇದಲ್ಲ” ಎಂದರು ಮುನವ್ವರ. ಕುರ್ಚಿಯಲ್ಲಿ ಆರಾಮಾಗಿ ಹಿಂದಕ್ಕೆ ಒರಗಿದರು. “ಆದ್ರೂ ಮುಂದ ಓದ್ರಿ.”